ತಾತನ ಪತ್ರಗಳ ಸುತ್ತ ಮಸುಕು ಏಕೆ?

ಪ್ರಶ್ನೆ: ತಾತನವರ ಕೈಬರಹದ ಪತ್ರಗಳನ್ನೂ ಕೆಲವು ಕಪ್ಪು-ಬಿಳುಪು ಫೋಟೋಗಳನ್ನೂ ಸ್ಕ್ಯಾನ್ ಮಾಡಿಸಿ ಜೆಪೆಗ್ ಕಡತಗಳಾಗಿ ಇಟ್ಟುಕೊಂಡಿದ್ದೇನೆ. ಅಂಚು ಕತ್ತರಿಸಿ, ಬೆಳಕು ಸರಿಪಡಿಸಿ ಹಲವು ಸಲ ಸೇವ್ ಮಾಡಿದ ಮೇಲೆ ಅಕ್ಷರಗಳ ಸುತ್ತ ಮಸುಕು ಕಾಣುತ್ತಿದೆ. ಕಡತದ ಹೆಸರಿನ ಕೊನೆಯಲ್ಲಿ ಪಿಎನ್‌ಜಿ ಎಂದು ಬದಲಿಸಿದರೂ ಸರಿಹೋಗಲಿಲ್ಲ. ಏನು ಮಾಡಲಿ?

ಉತ್ತರ: ಜೆಪೆಗ್ ವಿಧಾನವು ಚಿತ್ರವನ್ನು ಎಂಟು ಪಿಕ್ಸೆಲ್ ಅಗಲ, ಎಂಟು ಪಿಕ್ಸೆಲ್ ಎತ್ತರದ ಚೌಕಗಳಾಗಿ ವಿಂಗಡಿಸಿ, ಕಣ್ಣಿಗೆ ಅಷ್ಟಾಗಿ ತಿಳಿಯದ ಸೂಕ್ಷ್ಮ ವ್ಯತ್ಯಾಸಗಳನ್ನು ಕೈಬಿಟ್ಟು ಕಡತವನ್ನು ಚಿಕ್ಕದಾಗಿಸುತ್ತದೆ. ಮುಖದ ಕೆನ್ನೆ, ಆಕಾಶ ಮೊದಲಾದ ಕಡೆ ಬಣ್ಣ ನಿಧಾನವಾಗಿ ಬದಲಾಗುವುದರಿಂದ ಈ ನಷ್ಟ ಗೊತ್ತಾಗುವುದಿಲ್ಲ. ಬಿಳಿ ಕಾಗದದ ಮೇಲಿನ ಶಾಯಿಯ ಗೆರೆಯಲ್ಲಿ ಮಾತ್ರ ಅದು ಎದ್ದು ಕಾಣುತ್ತದೆ. ಪತ್ರದ ತಲೆಯಲ್ಲಿರುವ ‘ಶ್ರೀ’ಯನ್ನು ನಾಲ್ಕು ಪಟ್ಟು ಹಿಗ್ಗಿಸಿ ನೋಡಿ: ಅಕ್ಷರಕ್ಕೂ ಅದರ ಒತ್ತಿಗೂ ನಡುವೆ ಖಾಲಿಯಿರಬೇಕಾದ ಜಾಗದಲ್ಲಿ ಬೂದು ಕಣಗಳು ಚದುರಿರುತ್ತವೆ. ಕಡತವನ್ನು ತೆರೆದು ನೋಡುವುದರಿಂದಲೋ ನಕಲು ಮಾಡುವುದರಿಂದಲೋ ಏನೂ ಕೆಡುವುದಿಲ್ಲ. ತಿದ್ದಿ ಮತ್ತೆ ಸೇವ್ ಮಾಡಿದಾಗಲೆಲ್ಲ ಇನ್ನಷ್ಟು ವಿವರ ಹೋಗುತ್ತದೆ.

ಹೆಸರು ಬದಲಿಸುವುದು ಡಬ್ಬಿಯ ಮೇಲಿನ ಚೀಟಿ ಬದಲಿಸಿದಂತೆ, ಒಳಗಿನ ಬೇಳೆ ಅದೇ ಇರುತ್ತದೆ. ತಂತ್ರಾಂಶದ ಮೂಲಕ ಸರಿಯಾಗಿಯೇ ಪಿಎನ್‌ಜಿಗೆ ಪರಿವರ್ತಿಸಿದರೂ ಮುಂದಿನ ಹಾನಿ ನಿಲ್ಲುತ್ತದೆಯೇ ಹೊರತು ಕಳೆದುಹೋದ ವಿವರ ಮರಳದು.

ಮೂಲ ಪತ್ರಗಳು ಕೈಯಲ್ಲಿದ್ದರೆ ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿ, ವಿವರ ಕಳೆಯದೆ ಚಿತ್ರವನ್ನು ಇಡಬಲ್ಲ ಟಿಫ್ ಎಂಬ ಕಡತ ರೂಪದಲ್ಲಿ ಪಡೆಯಿರಿ. ಆದರೆ ಟಿಫ್ ಒಂದು ಹೊದಿಕೆಯಷ್ಟೇ. ಅದರೊಳಗೆ ಜೆಪೆಗ್ ವಿಧಾನವನ್ನೂ ಬಳಸಲು ಅವಕಾಶವಿರುವುದರಿಂದ, ಕುಗ್ಗಿಸುವಿಕೆಯ ಆಯ್ಕೆಯಲ್ಲಿ ಎಲ್‌ಜಡ್‌ಡಬ್ಲ್ಯೂ (ವಿವರ ಕೈಬಿಡದೆ ಕುಗ್ಗಿಸುವ ವಿಧಾನ) ಅಥವಾ ‘ಯಾವುದೂ ಬೇಡ’ ಎಂದಿರುವುದನ್ನು ಖಚಿತಪಡಿಸಿಕೊಳ್ಳಿ. ನಾಲ್ಕು-ಆರು ಇಂಚಿನ ಫೋಟೋವನ್ನು ಇಂಚಿಗೆ 600 ಚುಕ್ಕೆಗಳಂತೆ ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ 86.4 ಲಕ್ಷ ಪಿಕ್ಸೆಲ್‌ಗಳಾಗಿ, ಕುಗ್ಗಿಸದ ಕಡತ ಸುಮಾರು 26 ಎಂಬಿ ಆಗುತ್ತದೆ. ಕಪ್ಪು-ಬಿಳುಪು ಫೋಟೋಗೆ ಬಣ್ಣವೇಕೆ ಎನ್ನಬಹುದು; ಹಳದಿಗಟ್ಟಿದ ಕಾಗದ, ಶಾಯಿಯ ಕಲೆ ಬಣ್ಣದಲ್ಲಿ ದಾಖಲಾದರೆ ಮುಂದೆ ಅವನ್ನು ಬೇರ್ಪಡಿಸಿ ತಿದ್ದುವುದು ಸುಲಭ. ಟಿಫ್ ಸಿಗದಿದ್ದರೆ ಪಿಎನ್‌ಜಿಯೂ ಆದೀತು, ಅದರಲ್ಲಿಯೂ ವಿವರ ನಷ್ಟವಾಗುವುದಿಲ್ಲ. 256 ಬಣ್ಣಗಳಿಗೆ ಸೀಮಿತವಾದ ಜಿಫ್ ಈ ಕೆಲಸಕ್ಕೆ ಬೇಡ.

ಬಂಧುಗಳಿಗೆ ಕಳುಹಿಸಲು ಟಿಫ್‌ನಿಂದ ಜೆಪೆಗ್ ಪ್ರತಿಯೊಂದನ್ನು ಮಾಡಿಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಕಳುಹಿಸಿದರೆ ಅದು ಮತ್ತಷ್ಟು ಕುಗ್ಗುತ್ತದೆ, ಆದ್ದರಿಂದ ಡಾಕ್ಯುಮೆಂಟ್ ಆಗಿ ಕಳುಹಿಸಿ. ಮೂಲ ಪತ್ರವೇ ಈಗ ಉಳಿದಿಲ್ಲವಾದರೆ, ಸ್ಕ್ಯಾನ್ ಅಂಗಡಿಯವರು ಮೊದಲು ಕೊಟ್ಟ, ನೀವು ತಿದ್ದುವ ಮುಂಚಿನ ಕಡತ ಹಳೆಯ ಇಮೇಲ್‌ನಲ್ಲೋ ಪೆನ್‌ಡ್ರೈವ್‌ನಲ್ಲೋ ಇದೆಯೇ ಎಂದು ಹುಡುಕಿ.