ಬಟಾಣಿಗೆ ಎರಡು ಬಾಲ

ಪ್ರಶ್ನೆ: ಮಗಳು ಎಂಟನೇ ಕ್ಲಾಸು. ಜೀವಕೋಶದ ಸುತ್ತ ಪೊರೆ ಇದೆ, ಅದು ಫಾಸ್ಫೋಲಿಪಿಡ್ ಅಣುಗಳಿಂದ ಆಗಿದೆ ಎಂದು ಬಾಯಿಪಾಠ ಮಾಡಿದ್ದಾಳೆ. "ಆ ಅಣುಗಳನ್ನ ಅಂಟಿಸಿದ್ದು ಯಾರಮ್ಮಾ?" ಅಂತ ಕೇಳಿದಳು. ನನಗೂ ಗೊತ್ತಿಲ್ಲ. ಹೇಗೆ ಹೇಳಿಕೊಡಲಿ ಸಾರ್?
— ಓದುಗರೊಬ್ಬರು, ತಿಪಟೂರು

ಉತ್ತರ: ಯಾರೂ ಅಂಟಿಸಿಲ್ಲ ತಾಯಿ. ಅದೇ ಇದರ ಸೊಗಸು.

ನಾನು ಮೇಷ್ಟರಾದ ಹೊಸತರಲ್ಲಿ ಪೊರೆ ಅಂದರೆ ಇಟ್ಟಿಗೆ ಗೋಡೆ ಇದ್ದ ಹಾಗೆ ಅನ್ನುತ್ತಿದ್ದೆ. ಹಿಂದಿನ ಬೆಂಚಿನವನೊಬ್ಬ ಎದ್ದು, "ಹಂಗಾದ್ರೆ ಅಮೀಬಾ ಹೆಂಗೆ ಹರಿಯುತ್ತೆ ಸಾರ್?" ಅಂದ. ಅವತ್ತೇ ಗೋಡೆ ಬಿಟ್ಟು ಬಟಾಣಿ ಹಿಡಿದೆ.

ಒಂದು ಹಿಡಿ ಬಟಾಣಿ ರಾತ್ರಿ ನೆನೆಹಾಕಿ. ಕಡ್ಡಿ ಪೊರಕೆಗೆ ತಿಪಟೂರಿನಲ್ಲಿ ಬರವೇ? ಬೆರಳುದ್ದದ ಕಡ್ಡಿಗಳನ್ನು ಮುರಿದುಕೊಂಡು ಒಂದೊಂದು ಬಟಾಣಿಗೆ ಎರಡೆರಡು ಚುಚ್ಚಿ. ಒಂದು ಕಡ್ಡಿ ನೆಟ್ಟಗಿರಲಿ, ಇನ್ನೊಂದನ್ನು ನಡುವೆ ಸ್ವಲ್ಪ ಬಗ್ಗಿಸಿ. ಇದೇ ಫಾಸ್ಫೋಲಿಪಿಡ್. ಬಟಾಣಿ ಅದರ ತಲೆ, ನೀರು ಕಂಡರೆ ಇಷ್ಟ. ಕಡ್ಡಿಗಳು ಬಾಲ, ಎಣ್ಣೆಯ ಜಾತಿ. ನೀರಿಗೂ ಅವಕ್ಕೂ ಆಗಿಬರುವುದಿಲ್ಲ.

ಇಂಥ ಇಪ್ಪತ್ತು ಮಾಡಿ ಮಗಳ ಮುಂದೆ ಸುರಿಯಿರಿ. ಕೋಶದ ಒಳಗೂ ನೀರು, ಹೊರಗೂ ನೀರು. ತಲೆಗಳೆಲ್ಲ ನೀರಿಗೆ ತಾಗಬೇಕು, ಒಂದು ಬಾಲವೂ ಒದ್ದೆಯಾಗಬಾರದು, ಜೋಡಿಸು ಅನ್ನಿ. ಆಮೇಲೆ ನೀವು ಬಾಯಿ ಬಿಡಬೇಡಿ! ಮೊದಲು ಒಂದೇ ಸಾಲು ಇಡುತ್ತಾಳೆ. ಒಂದು ಕಡೆ ಬಾಲ ಒದ್ದೆ. ಬಾಲಕ್ಕೆ ಬಾಲ ಎದುರಾಗುವಂತೆ ಇನ್ನೊಂದು ಸಾಲು ಬರುತ್ತದೆ. ಆದರೂ ಎರಡು ತುದಿಗಳಲ್ಲಿ ಬಾಲ ಹೊರಗೇ ಇರುತ್ತದೆ, ಅಲ್ವಾ? ಸುಮ್ನೆ ಕಾಯಿರಿ. ಸ್ವಲ್ಪ ಹೊತ್ತಿಗೆ ಸಾಲನ್ನು ಬಗ್ಗಿಸಿ ತುದಿಗೆ ತುದಿ ಸೇರಿಸಿ ಬಳೆ ಮಾಡುತ್ತಾಳೆ. ಕೋಶದ ಪೊರೆಯೂ ಇದೇ ಕಾರಣಕ್ಕೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಅಂಟು ಬೇಕಾಯಿತಾ ಅಂತ ಆಗ ಕೇಳಿ.

ಎರಡು ಸಾಲು ಎಂದು ಮೊದಲು ಹೇಳಿದವರು ನೆದರ್‌ಲ್ಯಾಂಡ್ಸ್‌ನ ಗಾರ್ಟರ್ ಮತ್ತು ಗ್ರೆಂಡೆಲ್, 1925ರಲ್ಲಿ. ರಕ್ತದ ಕೆಂಪು ಕಣಗಳಿಂದ ಕೊಬ್ಬು ತೆಗೆದು ನೀರಿನ ಮೇಲೆ ಹರಡಿದರು. ಅದು ಕಣಗಳ ಮೈಯಳತೆಯ ಸುಮಾರು ಎರಡರಷ್ಟು ಜಾಗಕ್ಕೆ ಹರಡಿತು. ಎರಡೂ ಸಾಲು ಸೇರಿ ಪೊರೆಯ ದಪ್ಪ ಸುಮಾರು 5 ನ್ಯಾನೊಮೀಟರ್. ಅಂಥ 2 ಲಕ್ಷ ಪೊರೆ ಒಂದರ ಮೇಲೊಂದು ಪೇರಿಸಿದರೆ ಒಂದು ಮಿಲಿಮೀಟರ್!

ಬಟಾಣಿಯಲ್ಲಿ ತೋರಿಸಲಾಗದ್ದು ಒಂದೇ, ಓಡಾಟ. ಅದಕ್ಕೆ ಊಟದ ಹೊತ್ತು ಒಳ್ಳೆಯದು. ಸಾರಿನ ಮೇಲೆ ತೇಲುವ ಎಣ್ಣೆಯ ಕಣ್ಣುಗಳನ್ನು ಚಮಚದ ತುದಿಯಿಂದ ತಳ್ಳಲಿ. ಜಾರುತ್ತವೆ, ಎರಡು ಸೇರಿ ಒಂದಾಗುತ್ತವೆ. ಪೊರೆಯ ಅಣುಗಳೂ ಹೀಗೇ ಜಾರುತ್ತಲೇ ಇರುತ್ತವೆ. ಒಂದು ಬ್ಯಾಕ್ಟೀರಿಯದ ಈ ತುದಿಯಿಂದ ಆ ತುದಿಗೆ ಹೋಗಲು ಸುಮಾರು ಒಂದು ಸೆಕೆಂಡು ಸಾಕು. ಆದರೆ ತಲೆಕೆಳಗಾಗಿ ಎದುರಿನ ಸಾಲಿಗೆ ತಾನಾಗಿ ಹಾರುವುದು ಬಹಳ ಅಪರೂಪ. ತಲೆ ಎಣ್ಣೆಯೊಳಗೆ ನುಗ್ಗಬೇಕಲ್ಲ! ಪೊರೆಯಲ್ಲಿ ಪ್ರೋಟೀನುಗಳೂ ಇವೆ. ಅವನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ, ಒಂದೇ ಸಲ ಜಾಸ್ತಿ ತುಂಬಬೇಡಿ.

ಕಡ್ಡಿ ಯಾಕೆ ಬಗ್ಗಿಸಿದ್ದು ಅಂತ ಅವಳು ಕೇಳೇ ಕೇಳುತ್ತಾಳೆ. ಚಳಿಯಲ್ಲಿ ತುಪ್ಪ ಗಟ್ಟಿಯಾಗುತ್ತದೆ, ಕಡಲೆಕಾಯಿ ಎಣ್ಣೆ ಅಷ್ಟು ಬೇಗ ಆಗುವುದಿಲ್ಲ. ತುಪ್ಪದಲ್ಲಿ ನೆಟ್ಟಗಿನ ಬಾಲಗಳು ಜಾಸ್ತಿ, ಒತ್ತಾಗಿ ಕೂರುತ್ತವೆ. ಬಗ್ಗಿದವು ಹಾಗೆ ಕೂರಲಾರವು. ತಣ್ಣೀರಿನ ಮೀನುಗಳ ಪೊರೆಯಲ್ಲಿ ಬಗ್ಗಿದ ಬಾಲ ಜಾಸ್ತಿ ಇರುತ್ತದೆ. ಇಲ್ಲದಿದ್ದರೆ ಪೊರೆಯೂ ತುಪ್ಪದ ಹಾಗೆ ಹೆಪ್ಪುಗಟ್ಟೀತು.

ಹಾಂ, ನೆನೆದ ಬಟಾಣಿ ಮಾರನೇ ದಿನ ವಾಸನೆ ಬರುತ್ತದೆ. ಅಷ್ಟರೊಳಗೆ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.