ಓಲೆ, ಗೆರಟೆ, ಹಾಳೆ: ಹದದ ಪ್ರಶ್ನೆಗಳು

ಪ್ರಶ್ನೆ: ತೋಡಿನ ಬದಿಯ ಮುಂಡೇವಿನ (ಕೇದಗೆ ಜಾತಿಯ ಮುಳ್ಳುಗಿಡ) ಓಲೆ ತಂದು ಚಾಪೆ ಹೆಣೆದೆ. ತಿಂಗಳೊಳಗೆ ಎಳೆಗಳ ನಡುವೆ ಕಡ್ಡಿ ತೂರುವಷ್ಟು ಸಂದು ಬಿತ್ತು. ಮಳೆಗಾಲದ ಆಟಿ ತಿಂಗಳಲ್ಲಿ ಕಪ್ಪು ಚುಕ್ಕೆಗಳೂ ಎದ್ದವು. ಹೆಣಿಗೆ ಸಡಿಲವಾಯಿತೇ?
– ಗೃಹಿಣಿ, ಕುಂಬಳೆ

ಉತ್ತರ: ಕೈಯನ್ನು ದೂರಬೇಡಿ, ತಪ್ಪು ಓಲೆಯ ಹದದಲ್ಲಿದೆ. ಹಸಿ ಓಲೆ ಒಣಗುವಾಗ ಅಗಲದಲ್ಲಿ ಕುಗ್ಗುತ್ತದೆ. ಕುಗ್ಗುವುದೆಲ್ಲ ಹೆಣೆಯುವ ಮೊದಲೇ ಮುಗಿದಿರಬೇಕು. ನಿಮ್ಮಲ್ಲಿ ಅದು ಹೆಣೆದ ಮೇಲೆ ಆಗಿದೆ, ಅದಕ್ಕೇ ಸಂದು.

ಸುಳಿಯ ಎಳೆ ಓಲೆ ತುಂಬ ಕುಗ್ಗುತ್ತದೆ, ಬುಡದ ಹಳದಿ ಓಲೆ ಮಡಚಿದಲ್ಲೇ ಒಡೆಯುತ್ತದೆ. ನಡುವಿನ ಸುತ್ತಿನ ಬಲಿತ ಓಲೆಗಳನ್ನು ಮಾತ್ರ ಕೊಯ್ಯಿರಿ. ಮುಳ್ಳು ಎರಡು ಅಂಚಿನಲ್ಲೂ ನಡುನರದ ಅಡಿಯಲ್ಲೂ, ಹೀಗೆ ಮೂರು ಸಾಲು. ಪೀಶಕತ್ತಿಯಿಂದ (ಸಣ್ಣ ಚೂರಿ) ಮೂರನ್ನೂ ಸೀಳಿ ತೆಗೆದರೆ ಒಂದು ಓಲೆಯಿಂದ ಎರಡು ಪಟ್ಟಿ ಸಿಗುತ್ತವೆ. ಅರ್ಧ ದಿನ ಬಾಡಿಸಿ, 20–25 ಪಟ್ಟಿಗಳನ್ನು ಒಂದೊಂದು ಸುರುಳಿ ಮಾಡಿ, ನೀರಲ್ಲಿ ಮುಳುಗಿಸಿ ಮುಕ್ಕಾಲು ಗಂಟೆ ಕುದಿಸಿ. ಆಮೇಲೆ ಒಂದು ಹಗಲು ಒಂದು ರಾತ್ರಿ ತಣ್ಣೀರಲ್ಲಿ ನೆನೆಯಲಿ, ನಡುವೆ ಒಮ್ಮೆ ನೀರು ಬದಲಿಸಿ. ಈ ಕೆಲಸ ಬೇಸರ ತರುತ್ತದೆ, ಆದರೂ ಬಿಡುವಂತಿಲ್ಲ. ಓಲೆಯ ಹಸಿರೂ ಸಿಹಿ ರಸವೂ ಇಲ್ಲಿಯೇ ಹೋಗುವುದು. ಕಪ್ಪು ಚುಕ್ಕೆ ತರುವ ಬೂಷ್ಟಿಗೆ ಆಹಾರ ಆ ರಸವೇ. ಮತ್ತೆ ಮೂರು ನಾಲ್ಕು ದಿನ ಅಂಗಳದ ಬಿಸಿಲಲ್ಲಿ ಓಲೆ ಬೆಳ್ಳಗಾಗುವವರೆಗೆ ಒಣಗಿಸಿ.

ಒಣಗಿದ ಪಟ್ಟಿಯನ್ನು ಕತ್ತಿಯ ಬೆನ್ನಿನ ಮೇಲೆ ಎಳೆದರೆ ಸುರುಳಿ ಬಿಚ್ಚಿ ಸಪಾಟಾಗುತ್ತದೆ. ಸಮ ಅಗಲಕ್ಕೆ ಸೀಳಲು ಒಂದು ಮರದ ತುಂಡಿಗೆ 6 ಮಿಲಿಮೀಟರ್ ಅಂತರದಲ್ಲಿ ಬ್ಲೇಡಿನ ಚೂರುಗಳನ್ನು ಕೂರಿಸಿಕೊಳ್ಳಿ. ಅಂದಾಜಿಗೆ ಬೆರಳಲ್ಲಿ ಸೀಳಿದ ಎಳೆ ಒಂದು ತುದಿಯಲ್ಲಿ ಕಿರಿದಾಗಿ ಚಾಪೆಯನ್ನೇ ಸೊಟ್ಟ ಮಾಡುತ್ತದೆ. ಹೆಣೆಯುವ ಹಿಂದಿನ ರಾತ್ರಿ ಎಳೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಬೆಳಗ್ಗೆ ಮಡಚಿದರೆ ಒಡೆಯಬಾರದು, ಮುಟ್ಟಿದರೆ ಕೈಗೆ ನೀರು ತಾಗಬಾರದು. ಅದೇ ಹದ.

ಮೂರು ಅಡಿ ಅಗಲದ ಚಾಪೆಯಲ್ಲಿ ಓರೆಯಾಗಿ ಹೋಗುವ ಎಳೆಗೆ ಅಂಚಿನಿಂದ ಅಂಚಿಗೆ ನಾಲ್ಕೂಕಾಲು ಅಡಿ ಬೇಕು, ಅಂಚು ಮಡಚಲು ಎರಡೂ ಕಡೆ ಅರ್ಧ ಅಡಿ ಹೆಚ್ಚಿಗೆ ಬಿಡಿ. ಎಳೆ ಮುಗಿದಲ್ಲಿ ಹೊಸತನ್ನು ಹಳೆಯದರ ಮೇಲಿಟ್ಟು ನಾಲ್ಕೈದು ಮನೆ (ಹೆಣಿಗೆಯ ಚೌಕ) ಜೊತೆಯಾಗಿ ಹೆಣೆಯಿರಿ. ಗೇಣಿಗೊಮ್ಮೆ ಎಳೆಗಳನ್ನು ಬೆರಳಿಂದ ಒತ್ತಿ ಸೇರಿಸಿ. ಹೆಣೆದಾದ ಕೂಡಲೇ ಅಂಚು ಕಟ್ಟಬೇಡಿ. ಎರಡು ಮೂರು ದಿನ ನೆರಳಲ್ಲಿ ಬಿಟ್ಟು, ಮತ್ತೊಮ್ಮೆ ಒತ್ತಿ ಸೇರಿಸಿ, ಆಮೇಲೆ ಮಡಚಿ. ಉಳಿದ ಅಲ್ಪಸ್ವಲ್ಪ ಸಂದೂ ಅಲ್ಲಿಗೆ ತೀರುತ್ತದೆ.

ಈಗಿರುವ ಚಾಪೆಯನ್ನು ಒಣ ಬ್ರಶ್ಶಿನಿಂದ ಉಜ್ಜಿ ಬಿಸಿಲಿಗೆ ಹಾಕಿದರೆ ಬೂಷ್ಟು ನಿಲ್ಲುತ್ತದೆ. ನಾರಿನೊಳಗೆ ಇಳಿದ ಕಪ್ಪು ಮಾತ್ರ ಹೋಗುವುದಿಲ್ಲ. ಮಳೆಗಾಲದಲ್ಲಿ ಸುರುಳಿ ಸುತ್ತಿ ಗೋಡೆಗೆ ಒರಗಿಸದೆ, ಒಲೆಯ ಹೊಗೆ ತಾಗುವ ಅಟ್ಟದಲ್ಲಿಡಿ.

ಪ್ರಶ್ನೆ: ಮಕ್ಕಳಿಗೆ ಓಲೆಯ ಬುಟ್ಟಿ ಕಲಿಸುತ್ತಿದ್ದೇನೆ. ಅಂಗಡಿಯ ಬಣ್ಣ ಬೇಡ. ಕೆಂಪಿಗೆ ಏನು ಹಾಕಲಿ?
– ಶಿಕ್ಷಕಿ, ಬದಿಯಡ್ಕ

ಉತ್ತರ: ಸಪ್ಪಂಗ ಮರದ ಚಕ್ಕೆ. ನಮ್ಮ ಕಡೆ ಕುಡಿಯುವ ನೀರಿಗೆ ಹಾಕುವ ಪದಿಮುಗಂ ಇದೇ. 100 ಗ್ರಾಂ ಒಣ ಎಳೆಗೆ 100 ಗ್ರಾಂ ಚಕ್ಕೆಯನ್ನು ಮೂರು ಲೀಟರ್ ನೀರಲ್ಲಿ ರಾತ್ರಿ ನೆನೆಸಿ, ಮರುದಿನ ಮುಕ್ಕಾಲು ಗಂಟೆ ಕುದಿಸಿ ಸೋಸಿ. ಎಳೆಗಳನ್ನು ಮೊದಲು 10 ಗ್ರಾಂ ಸ್ಫಟಿಕ (ಆಲಂ) ಕರಗಿಸಿದ ಬಿಸಿನೀರಲ್ಲಿ ಒಂದು ಗಂಟೆ ಇಟ್ಟು, ಹಿಂಡದೆ ನೇರ ಬಣ್ಣಕ್ಕೆ ಹಾಕಿ. ಸ್ಫಟಿಕವಿಲ್ಲದಿದ್ದರೆ ಬಣ್ಣ ಓಲೆಗೆ ಹಿಡಿಯದೆ ಕೈಗೆ ಹತ್ತುತ್ತದೆ. ಚಿಟಿಕೆ ಸುಣ್ಣ ಬಿದ್ದರೆ ನೇರಳೆಯ ಕಡೆಗೂ, ಲಿಂಬೆರಸ ಬಿದ್ದರೆ ಹಳದಿಯ ಕಡೆಗೂ ತಿರುಗುತ್ತದೆ. ಇದನ್ನು ಮಕ್ಕಳ ಕಣ್ಣೆದುರೇ ಮಾಡಿ ತೋರಿಸಿ, ಅವರಿಗೆ ಇಷ್ಟವಾಗುತ್ತದೆ. ಕಬ್ಬಿಣದ ಪಾತ್ರೆ ಬೇಡ, ಬಣ್ಣ ಕಪ್ಪಿಡುತ್ತದೆ. ಈ ಕೆಂಪು ಬಿಸಿಲಿಗೆ ಮಾಸುವಂಥದ್ದು, ಹಾಗಾಗಿ ಬಣ್ಣ ಹಾಕಿದ್ದನ್ನು ನೆರಳಲ್ಲೇ ಒಣಗಿಸಿ, ಬುಟ್ಟಿಯನ್ನೂ ಕಿಟಕಿಯಿಂದ ದೂರವಿಡಿ.

ಪ್ರಶ್ನೆ: ತೆಂಗಿನ ಗೆರಟೆಯ (ಚಿಪ್ಪು) ಸೌಟು ಮಾಡುವಾಗ ತೂತು ಕೊರೆದಲ್ಲೇ ಸೀಳುತ್ತದೆ. ಒಂದು ಉಳಿಯಿತು, ಅದರ ಹಿಡಿ ವಾರದಲ್ಲಿ ಅಲ್ಲಾಡತೊಡಗಿತು.
– ಅಡಿಕೆ ಕೃಷಿಕ, ಮುಳ್ಳೇರಿಯ

ಉತ್ತರ: ಬಲಿತ ಕಾಯಿಯ, ಕಣ್ಣಿಲ್ಲದ ಕಡೆಯ ಗೆರಟೆ ತೆಗೆದುಕೊಳ್ಳಿ. ಕಣ್ಣಿರುವ ಭಾಗ ಸೋರುತ್ತದೆ. ಕೊರೆಯುವ ಮೊದಲು ಒಂದು ರಾತ್ರಿ ನೀರಲ್ಲಿಡಿ; ಒಣ ಗೆರಟೆ ಬಿಸಿಗೂ ಒತ್ತಡಕ್ಕೂ ಬಿರುಕು ಬಿಡುತ್ತದೆ. ತೂತು ಅಂಚಿನಿಂದ ಒಂದೂವರೆ ಸೆಂಟಿಮೀಟರ್ ಕೆಳಗಿರಲಿ. ಇನ್ನೂ ಮೇಲೆ ಕೊರೆದರೆ ಅಂಚೇ ಹಾರಿಹೋಗುತ್ತದೆ. ಒಳಗೆ ಮರದ ತುಂಡು ಒತ್ತಿಟ್ಟು, ಹೊರಗಿನಿಂದ 2 ಮಿಲಿಮೀಟರ್ ಬಿಟ್‌ನಲ್ಲಿ ಶುರುಮಾಡಿ 4, ಆಮೇಲೆ 6ಕ್ಕೆ ಹೋಗಿ. ಉಳಿದದ್ದನ್ನು ದುಂಡು ಅರದಲ್ಲಿ ತೀಡಿ. ಎದುರು ಬದಿಗೂ ಅಷ್ಟೇ ಆಳದಲ್ಲಿ ಇನ್ನೊಂದು ತೂತು. ಹಿಡಿ ಎರಡನ್ನೂ ದಾಟಿ ಹೋಗಬೇಕು.

ಅಲ್ಲಾಡುವುದು ಹಿಡಿ ಹಸಿಯಾಗಿದ್ದದ್ದರಿಂದ. ಬಿದಿರಾಗಲಿ ಅಡಿಕೆ ಮರದ ಸಲಾಕೆಯಾಗಲಿ, ಸೀಳಿದ ಮೇಲೆ ಒಂದು ತಿಂಗಳು ನೆರಳಲ್ಲಿ ಒಣಗಲಿ. ಒಣ ಹಿಡಿ ಬಳಸುವಾಗ ನೀರು ಕುಡಿದು ಉಬ್ಬಿ ತಾನೇ ಬಿಗಿಯುತ್ತದೆ. ಅದಕ್ಕೆ ಒಂದು ಕಾಗದದಷ್ಟು ಸಂದು ಬಿಡಿ, ಇಲ್ಲದಿದ್ದರೆ ಆ ಉಬ್ಬೇ ಗೆರಟೆಯನ್ನು ಸೀಳುತ್ತದೆ. ಹೊರಬಂದ ತುದಿಗೆ ಬಿದಿರಿನ ಮೊಳೆ ಹಾಕಿ. ಹೊರಮೈಯ ನಾರನ್ನು ಗಾಜಿನ ಚೂರಿನಿಂದ ಕೆರೆದು, 80, 150, 220, 400ರ ಮರಳು ಕಾಗದದಲ್ಲಿ ಸಾಲಾಗಿ ಉಜ್ಜಿ, ಕೊನೆಗೆ ತೆಂಗಿನೆಣ್ಣೆ. ಅಡುಗೆಗೆ ಬಳಸುವುದಕ್ಕೆ ವಾರ್ನಿಷ್ ಖಂಡಿತ ಬೇಡ.

ಪ್ರಶ್ನೆ: ಅಡಿಕೆ ಹಾಳೆಯ ಬೀಸಣಿಗೆ ದೋಣಿಯ ಹಾಗೆ ಬಾಗುತ್ತದೆ.
– ವಿದ್ಯಾರ್ಥಿ, ಪೆರ್ಲ

ಉತ್ತರ: ಒಳಗಿನ ನುಣುಪು ಪದರವೂ ಹೊರಗಿನ ನಾರೂ ಒಂದೇ ಅಳತೆಯಲ್ಲಿ ಕುಗ್ಗುವುದಿಲ್ಲ. ಬಿದ್ದ ದಿನವೇ ಹೆಕ್ಕಿದ ಹಾಳೆಯನ್ನು ಅರ್ಧ ಗಂಟೆ ನೆನೆಸಿ, ಒದ್ದೆಯಿರುವಾಗಲೇ ಕತ್ತರಿಸಿ. ಒಣಗಿದ್ದು ನಾರಿನುದ್ದಕ್ಕೂ ಸೀಳುತ್ತದೆ. ಎರಡು ಹಲಗೆಗಳ ನಡುವೆ ಹಳೆ ಪತ್ರಿಕೆ ಹಾಸಿ, ಮೇಲೆ ಕಲ್ಲು ಹೇರಿ ಐದು ದಿನ ಬಿಡಿ. ಕಾಗದವನ್ನು ದಿನಾ ಬದಲಿಸದಿದ್ದರೆ ಬೂಷ್ಟು ಖಚಿತ.

ಪ್ರಶ್ನೆ: ದೀಪಾವಳಿಯ ಗೂಡುದೀಪಕ್ಕೆ ಬಿಗಿಯಾಗಿ ಅಂಟಿಸಿದ ಕಾಗದ ಮೂಲೆಯಲ್ಲಿ ಹರಿಯುತ್ತದೆ. ಉಳಿದದ್ದನ್ನು ಜಿರಳೆ ತಿನ್ನುತ್ತದೆ.
– ಓದುಗರು, ಮಂಜೇಶ್ವರ

ಉತ್ತರ: ಬಿಗಿಯಾಗಿ ಅಂಟಿಸಿದ್ದೇ ಕಾರಣ. ತೆಳು ಕಾಗದ ಅಂಟಿನ ಒದ್ದೆಗೆ ಹಿಗ್ಗುತ್ತದೆ, ಒಣಗುವಾಗ ಕುಗ್ಗಿ ಮೂಲೆಯನ್ನು ಎಳೆಯುತ್ತದೆ. ಬಿದಿರು ಕಡ್ಡಿಗೆ ಮಾತ್ರ ಅಂಟು ಹಚ್ಚಿ, ಕಾಗದವನ್ನು ಎಳೆಯದೆ ಕೂರಿಸಿ. ಪೂರ್ತಿ ಒಣಗಿದ ಮೇಲೆ ನೀರಿನ ಹನಿಯನ್ನು ಮಂಜಿನಂತೆ ಸಿಂಪಡಿಸಿದರೆ ಕಾಗದ ತಾನೇ ಚೆಂಡೆಯ ಚರ್ಮದಂತೆ ಬಿಗಿಯುತ್ತದೆ. ಬಣ್ಣ ಬಿಡುವ ಕಾಗದವೋ ಎಂದು ಮೊದಲು ಒಂದು ಚೂರಿನಲ್ಲಿ ನೋಡಿಕೊಳ್ಳಿ.

ಅಂಟಿಗೆ 50 ಗ್ರಾಂ ಮೈದಾ, 300 ಮಿಲಿಲೀಟರ್ ನೀರು. ಗಂಟಿಲ್ಲದಂತೆ ಕಲಸಿ, ಹೊಳಪು ಬರುವವರೆಗೆ ಬೇಯಿಸಿ. ಜಿರಳೆಗೆ ತೋಟದ ಮೈಲುತುತ್ತೇ (ತಾಮ್ರದ ಸಲ್ಫೇಟ್) ಮದ್ದು: ಕಾಲು ಚಮಚವನ್ನು ಬಿಸಿನೀರಲ್ಲಿ ಕರಗಿಸಿ, ತಣಿದ ಅಂಟಿಗೆ ಮರದ ಕಡ್ಡಿಯಿಂದ ಬೆರೆಸಿ. ಅದು ವಿಷ. ಅಡುಗೆಯ ಪಾತ್ರೆ ಮುಟ್ಟಬೇಡಿ, ಮಕ್ಕಳು ಅಂಟಿಸಲು ಕೂತಿದ್ದರೆ ಮೈಲುತುತ್ತು ಹಾಕಲೇಬೇಡಿ. ಆಗ ಹಬ್ಬ ಮುಗಿದ ಮೇಲೆ ಗೂಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ನೆಲಕ್ಕೆ ತಾಗದಂತೆ ತೂಗುಹಾಕಿ.