ಹೊಸ 4ಕೆ ಟಿವಿಯಲ್ಲಿ ಡಿಶ್ ಚಾನೆಲ್ ಯಾಕೆ ಮಸುಕಾಗಿ ಕಾಣುತ್ತೆ?

43 ಇಂಚಿನ 4ಕೆ ಟಿವಿ ತಂದಿದ್ದೀರಿ, ಯೂಟ್ಯೂಬ್ ಚೆನ್ನಾಗಿ ಬರುತ್ತೆ, ಡಿಶ್ ಹಾಕಿದರೆ ಮಾತ್ರ ಹಳೇ 21 ಇಂಚಿನ ಡಬ್ಬಾ ಟಿವಿಗಿಂತ ಮಸುಕು, ಅಂಗಡಿಯವರು ಮೋಸ ಮಾಡಿದರಾ, ವಾಪಸ್ ಕೊಡಲಾ ಅಂತ ಕೇಳಿದ್ದೀರಿ. ವಾಪಸ್ ಕೊಡಬೇಡಿ. ಹಾಸನದಲ್ಲಿ ಟಿವಿ ರಿಪೇರಿ ಮಾಡೋದು, ಡಿಶ್ ಕೂರಿಸೋದು ನನ್ನ ಕೆಲಸ. ದೊಡ್ಡ ಟಿವಿ ತಂದ ಮನೆಗಳಲ್ಲಿ ಪದೇ ಪದೇ ಕೇಳೋ ದೂರು ಇದೇ. ಯೂಟ್ಯೂಬ್ ಸ್ಪಷ್ಟವಾಗಿ ಬರ್ತಿದೆ ಅಂದರೆ ಪರದೆ ಚೆನ್ನಾಗಿದೆ ಅಂತಲೇ ಅರ್ಥ.

ಲೆಕ್ಕ ನೋಡಿ. ಡಿಶ್‌ನ ಮಾಮೂಲಿ ಚಾನೆಲ್ ಅಂದರೆ ಎಸ್‌ಡಿ (ಸ್ಟ್ಯಾಂಡರ್ಡ್ ಡೆಫಿನಿಷನ್, ಕಮ್ಮಿ ಸ್ಪಷ್ಟತೆಯದು). ಅದರ ಒಂದು ಚಿತ್ರದಲ್ಲಿ ಇರೋದು ಹೆಚ್ಚೆಂದರೆ 720×576, ಸುಮಾರು 4.15 ಲಕ್ಷ ಪಿಕ್ಸೆಲ್, ಅಂದರೆ ಬಣ್ಣದ ಚುಕ್ಕಿ. ನಿಮ್ಮ ಪರದೆಯಲ್ಲಿ 3840×2160, ಹತ್ತಿರ ಹತ್ತಿರ 83 ಲಕ್ಷ. ಸರಿಯಾಗಿ 20 ಪಟ್ಟು. ಅಂದರೆ 20ರಲ್ಲಿ ಒಂದು ಪಿಕ್ಸೆಲ್ ಮಾತ್ರ ಡಿಶ್‌ನಿಂದ ಬಂದದ್ದು. ಮಿಕ್ಕ 19ನ್ನು ಟಿವಿ ಅಕ್ಕಪಕ್ಕದ ಬಣ್ಣ ನೋಡಿ ಅಂದಾಜಿನಲ್ಲಿ ತುಂಬುತ್ತೆ. ಅಪ್‌ಸ್ಕೇಲಿಂಗ್ ಅನ್ನೋದು ಇದಕ್ಕೇ. ಪಾಸ್‌ಪೋರ್ಟ್ ಫೋಟೊ ಕೊಟ್ಟು ಫ್ಲೆಕ್ಸ್ ಮಾಡಿಸಿದ ಹಾಗೆ. ಬೇಲೂರಿನ ಮದನಿಕೆಯರನ್ನು ಎಸ್‌ಡಿಯಲ್ಲಿ ತೋರಿಸಿದಾಗ ಕೊರಳ ಸರದ ಮಣಿಗಳು ಒಂದಕ್ಕೊಂದು ಅಂಟಿಕೊಂಡು ಬಂದಿದ್ದರೆ, ಎಷ್ಟೇ ದುಬಾರಿ ಟಿವಿಯಾದರೂ ಅವನ್ನು ಇದ್ದ ಹಾಗೆ ಬಿಡಿಸಿ ತೋರಿಸಲಾರದು. ಹಳೇ ಟಿವಿಯ ಪರದೆ ಚಿಕ್ಕದಿತ್ತು, ಅದರ ಚಿತ್ರವೇ ಸ್ವಲ್ಪ ಮೆತ್ತಗಿತ್ತು, ಅದಕ್ಕೇ ಈ ಕೊರತೆ ಕಣ್ಣಿಗೆ ಬೀಳ್ತಿರಲಿಲ್ಲ.

ಎಚ್‌ಡಿ (ಹೈ ಡೆಫಿನಿಷನ್, ಹೆಚ್ಚು ಸ್ಪಷ್ಟತೆಯ) ಚಾನೆಲ್‌ನ 1920×1080 ಚಿತ್ರವನ್ನು ದೊಡ್ಡದು ಮಾಡೋದು ಸುಲಭ. ಅಗಲ, ಎತ್ತರ ಎರಡೂ ಸರಿಯಾಗಿ ಎರಡು ಪಟ್ಟು, ಒಂದು ಪಿಕ್ಸೆಲ್ ಜಾಗದಲ್ಲಿ ನಾಲ್ಕು. ಎಸ್‌ಡಿಯ 576 ಅಡ್ಡಗೆರೆಯನ್ನು 2160ಕ್ಕೆ ಹಿಗ್ಗಿಸಬೇಕಾದರೆ 3.75 ಪಟ್ಟು, ಗೆರೆಗೆ ಗೆರೆ ಕೂರಲ್ಲ. ಮೇಲಾಗಿ ಈ ಚಾನೆಲ್‌ಗಳು ಬೆಸ ಗೆರೆ ಒಮ್ಮೆ, ಸರಿ ಗೆರೆ ಒಮ್ಮೆ ಕಳಿಸುತ್ತವೆ. ಮೊದಲು ಅವೆರಡನ್ನೂ ಹೊಂದಿಸಿ, ಆಮೇಲೆ ಹಿಗ್ಗಿಸಬೇಕು. ಕಬಡ್ಡಿ ನೋಡುವಾಗ ಓಡುವವರ ಕೈಕಾಲಿನ ಅಂಚು ಬಾಚಣಿಗೆ ಹಲ್ಲಿನಂತೆ ಕಂಡರೆ ಆ ಹೊಂದಿಕೆ ತಪ್ಪಿದೆ ಅಂತ. ನಮ್ಮ ಕಡೆ ಎಲ್ಲರೂ ಮಳೆಯನ್ನು ಬೈತಾರೆ. ಮಳೆಗೆ ಡಿಶ್ ಚಿತ್ರ ಚೌಕ ಚೌಕವಾಗಿ ಒಡೆಯುತ್ತೆ, ನಿಂತುಬಿಡುತ್ತೆ, ಮಸುಕಾಗಲ್ಲ.

ಈಗ ಮಾಡಬೇಕಾದ್ದು. ಮೊದಲು ಡಿಶ್‌ನ ಸೆಟ್‌ಟಾಪ್ ಬಾಕ್ಸ್ ಹಿಂದೆ ನೋಡಿ. ಹಳದಿ, ಕೆಂಪು, ಬಿಳಿ ಪಿನ್ನಿನ ವೈರ್ ಇದ್ದರೆ ತೆಗೆದು ಎಚ್‌ಡಿಎಂಐ ವೈರ್ ಹಾಕಿ. ಹಳದಿ ವೈರಿನಲ್ಲಿ ಬೆಳಕು, ಬಣ್ಣ ಎರಡೂ ಕಲೆತು ಬರುತ್ತವೆ, ಬೇರ್ಪಡಿಸುವಾಗಲೇ ಅಂಚು ಕೆಡುತ್ತೆ. ಬಾಕ್ಸ್ ಸೆಟ್ಟಿಂಗ್‌ನಲ್ಲಿ ರೆಸಲ್ಯೂಷನ್ 576 ಅಂತಿದ್ದರೆ ಎಚ್‌ಡಿ ಚಾನೆಲ್ಲನ್ನೂ ಅದು ಮೊದಲು ಕುಗ್ಗಿಸುತ್ತೆ, ಆಮೇಲೆ ಟಿವಿ ಹಿಗ್ಗಿಸುತ್ತೆ. ದುಡ್ಡು ಕೊಟ್ಟು ಎಚ್‌ಡಿ ಪ್ಯಾಕ್ ಹಾಕಿಸಿ ಹೀಗೆ ನೋಡೋರನ್ನು ಕಂಡರೆ ನನಗೆ ನಿಜವಾಗಲೂ ಸಂಕಟ ಆಗುತ್ತೆ. 1080ಕ್ಕೆ ಇಡಿ.

ಆಮೇಲೆ ನ್ಯೂಸ್ ಚಾನೆಲ್ ಹಾಕಿ ಕೆಳಗೆ ಓಡುವ ಅಕ್ಷರ ಹತ್ತಿರದಿಂದ ನೋಡಿ. ಅಕ್ಷರದ ಸುತ್ತ ಬಿಳೀ ಅಂಚು ಕಟ್ಟಿ ಒತ್ತಕ್ಷರಗಳ ಸಂದು ಮುಚ್ಚಿಹೋಗಿದ್ದರೆ ಟಿವಿ ಸೆಟ್ಟಿಂಗ್‌ನಲ್ಲಿ ಶಾರ್ಪ್‌ನೆಸ್ ಜಾಸ್ತಿಯಾಗಿದೆ. ಬಿಳೀ ಅಂಚು ಮಾಯವಾಗುವ ತನಕ ಇಳಿಸುತ್ತಾ ಬನ್ನಿ. ಆ ಅಕ್ಷರದ ಸಾಲು ಪರದೆಯ ಅಂಚಿನಲ್ಲಿ ಕತ್ತರಿಸಿದ ಹಾಗಿದ್ದರೆ ಟಿವಿ ಚಿತ್ರದ ಸುತ್ತಲನ್ನು ಕತ್ತರಿಸಿ ಇನ್ನಷ್ಟು ಹಿಗ್ಗಿಸ್ತಿದೆ. ಪಿಕ್ಚರ್ ಸೈಜ್‌ನಲ್ಲಿ ಜಸ್ಟ್ ಸ್ಕ್ಯಾನ್, ಸ್ಕ್ರೀನ್ ಫಿಟ್ ಅಂತ ಏನಾದರೂ ಇರುತ್ತೆ, ಅದನ್ನು ಆರಿಸಿ. ಮುಖಗಳು ಮೇಣ ಹಚ್ಚಿದಂತೆ ನುಣ್ಣಗೆ ಕಂಡರೆ ನಾಯ್ಸ್ ರಿಡಕ್ಷನ್ (ಚಿತ್ರದ ಕಾಳುಕಾಳು ಅಳಿಸುವ ಸೆಟ್ಟಿಂಗ್) ಕಮ್ಮಿ ಮಾಡಿ.

ಇಷ್ಟಾದ ಮೇಲೂ ಎಸ್‌ಡಿ ಎಸ್‌ಡಿಯೇ. ದಿನಾ ನೋಡುವ ನಾಲ್ಕೈದು ಚಾನೆಲ್‌ಗಳಿಗೆ ಎಚ್‌ಡಿ ಸಿಗೋದಾದರೆ ಹಾಕಿಸಿ. ಬಾಕ್ಸ್ ಎಸ್‌ಡಿಯದಾದರೆ ಅದನ್ನೂ ಬದಲಾಯಿಸಬೇಕಾಗುತ್ತೆ. ಇಲ್ಲವೇ ದೂರ ಕೂರಿ. 43 ಇಂಚಿನಲ್ಲಿ ಎಸ್‌ಡಿಯ ಒಂದೊಂದು ಗೆರೆಯ ದಪ್ಪ ಸುಮಾರು 0.9 ಮಿಲಿಮೀಟರ್, ಹತ್ತು ಹನ್ನೊಂದು ಅಡಿ ದಾಟಿದರೆ ಮಾಮೂಲಿ ಕಣ್ಣಿಗೆ ಗೆರೆಗಳು ಬಿಡಿಯಾಗಿ ಕಾಣಲ್ಲ. ಸಕಲೇಶಪುರ ಕಡೆಯ ದೊಡ್ಡ ತೋಟದ ಮನೆಗಳ ಹಾಲ್‌ನಲ್ಲಿ ಈ ದೂರು ಕಮ್ಮಿ ಇರೋದಕ್ಕೆ ಇದೇ ಕಾರಣ. ನಿಮ್ಮದು ಪುಟ್ಟ ಹಾಲ್ ಆಗಿದ್ದು ಆರೇಳು ಅಡಿಯಲ್ಲೇ ಕೂರಬೇಕು ಅಂದರೆ ಎಚ್‌ಡಿಗೆ ದುಡ್ಡು ಹಾಕೋದೇ ಸರಿ.